ಮೂರು ಚುಕ್ಕೆಯ ಹಿಂದಿನ ವರ್ಕ್‌ಶಾಪು

ಪೀಣ್ಯದ ಪ್ರತಿ ಶೆಡ್ಡಿಗೂ ಒಂದು ವೆಬ್‌ಸೈಟ್ ಬೇಕೆನ್ನಿಸತೊಡಗಿದ್ದ ಕಾಲ ಅದು. ಮಾಡಿಕೊಡುತ್ತಿದ್ದವನು ನಾನು, ಹಾಗಾಗಿ ನನಗೆ ವಿಪರೀತ ಜಂಬ. ಲೇತ್ ಮುಂದೆ ನಿಂತು ಬೆಳೆದವರಿಗೆ ಇದೆಲ್ಲ ಏನು ಗೊತ್ತು ಎಂದುಕೊಂಡಿದ್ದೆ. ಆ ಜಂಬ ಇಳಿದದ್ದು ಒಬ್ಬ ವರ್ಕ್‌ಶಾಪ್ ಮಾಲೀಕರಿಂದ. ತಮ್ಮ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಶೆಡ್ ಹಾಕಿ, ಐದು ಲೇತ್ ಇಟ್ಟುಕೊಂಡು ಫ್ಯಾಕ್ಟರಿಗಳಿಗೆ ಬೋಲ್ಟು, ಬುಷ್ಷು ಮಾಡಿಕೊಡುತ್ತಿದ್ದರು. ಹೊಲದ ಕಾಲದ ಮುನೇಶ್ವರನ ಗುಡಿ ಶೆಡ್ಡಿನ ಪಕ್ಕ ಹಾಗೇ ಉಳಿದಿತ್ತು.

"ಸರ್ಚ್ ಮಾಡಿದಾಗ ನೀಲಿ ಅಕ್ಷರದಲ್ಲಿ ಒಂದು ಸಾಲು ಬರುತ್ತೆ, ಅದು ಟೈಟಲ್. ಏನು ಹಾಕ್ಲಿ?" ಎಂದು ಕೇಳಿದೆ.

ಅವರು ಲಗ್ನಪತ್ರಿಕೆ ಬರೆಸುವವರ ಹಾಗೆ ಹೇಳತೊಡಗಿದರು. ಮೊದಲು 'ಶ್ರೀ ಮುನೇಶ್ವರ ಸ್ವಾಮಿ ಪ್ರಸನ್ನ', ಆಮೇಲೆ 'ತಂದೆ ತಾಯಿಯವರ ಆಶೀರ್ವಾದ', ಅದಾದ ಮೇಲೆ ವರ್ಕ್‌ಶಾಪಿನ ಹೆಸರು. ಹಾಗೇ ಹಾಕಿದೆ. ಟೈಟಲ್ ಕೆಳಗೆ ಎರಡು ಸಾಲಿನ ವಿವರಣೆ ಬರೆಯಬೇಕಿತ್ತು. ಸೋಮಾರಿತನದಿಂದ ಖಾಲಿ ಬಿಟ್ಟೆ. ಖಾಲಿ ಬಿಟ್ಟರೆ ಸರ್ಚ್‌ನವರು ಪೇಜಿನಿಂದಲೇ ಏನಾದರೂ ಎತ್ತಿಕೊಳ್ಳುತ್ತಾರೆಂದು ಗೊತ್ತಿತ್ತು. ಏನನ್ನು ಎತ್ತಿಕೊಂಡಾರು ಎಂದು ಯೋಚಿಸಲಿಲ್ಲ.

ಮೂರು ವಾರ ಕಳೆದು ಒಂದು ಶುಕ್ರವಾರ ಅವರ ಫೋನ್ ಬಂತು. "ಸಾರ್, ಬೆಳಗ್ಗೆಯಿಂದ ಮೂರು ಜನ ಅಭಿಷೇಕ ಎಷ್ಟೊತ್ತಿಗೆ ಅಂತ ಕೇಳಿದ್ರು. ಒಬ್ರು ಹೊಸ ಬೈಕ್‌ಗೆ ಪೂಜೆ ಮಾಡ್ತೀರಾ ಅಂದ್ರು."

ನಾನು ನಕ್ಕೆ. ಅವರು ನಗಲಿಲ್ಲ. ದೊಡ್ಡ ಫ್ಯಾಕ್ಟರಿಯೊಂದರ ಪರ್ಚೇಸ್ ಆಫೀಸರ್ ಕೂಡ ಇವರ ಹೆಸರು ಹುಡುಕಿ ನೋಡಿದ್ದರಂತೆ. "ನಿಮ್ದು ವರ್ಕ್‌ಶಾಪಾ, ದೇವಸ್ಥಾನಾನಾ? ಸೋಮವಾರ ನಮ್ಮ ಮ್ಯಾನೇಜರ್ ನೋಡ್ತಾರೆ, ಆಮೇಲೇ ಸಪ್ಲೈಯರ್ ಲಿಸ್ಟಿಗೆ ಸೇರಿಸೋದು" ಎಂದರಂತೆ. ಆ ಲಿಸ್ಟಿಗಾಗಿ ಇವರು ಎರಡು ವರ್ಷ ಅಲೆದಿದ್ದರು.

ಶೆಡ್ಡಿಗೆ ಹೋಗಿ ಸರ್ಚ್ ಮಾಡಿ ನೋಡಿದರೆ ನನಗೇ ಕೈಮುಗಿಯಬೇಕೆನಿಸಿತು. ನೀಲಿ ಸಾಲಿನಲ್ಲಿ ದೇವರಿದ್ದ, ಆಶೀರ್ವಾದವಿತ್ತು, ಆಮೇಲೆ ಮೂರು ಚುಕ್ಕೆ. ಜಾಗ ಸಾಲದೆ ವರ್ಕ್‌ಶಾಪಿನ ಹೆಸರು ಆ ಚುಕ್ಕೆಗಳ ಹಿಂದೆ ಮಾಯವಾಗಿತ್ತು. ಕೆಳಗೆ, ಗುಡಿಯ ಬಗ್ಗೆ ಅವರೇ ಪೇಜಿನಲ್ಲಿ ಬರೆಸಿದ್ದ ವಾಕ್ಯವನ್ನು ಸರ್ಚ್‌ನವರು ಎತ್ತಿಕೊಂಡಿದ್ದರು: 'ಪ್ರತಿ ಶುಕ್ರವಾರ ಸಂಜೆ ಪೂಜೆ ಹಾಗೂ ಪ್ರಸಾದ ವಿನಿಯೋಗ ಇರುತ್ತದೆ.'

"ವರ್ಕ್‌ಶಾಪ್ ಹೆಸರು ಮುಂದೆ ಹಾಕೋಣ, ದೇವರು ಕೊನೇಲಿ ಇರ್ಲಿ" ಎಂದೆ.

"ಕೊನೇಲಿ ಹಾಕಿದ್ರೆ ಚುಕ್ಕೆ ದೇವರನ್ನ ನುಂಗಲ್ವಾ?"

ನುಂಗುತ್ತದೆ ಎಂದು ಒಪ್ಪಿಕೊಂಡೆ.

"ಹಂಗಾದ್ರೆ ಬ್ಯಾಡ. ಲಿಸ್ಟ್ ಹೋದ್ರೆ ಹೋಗ್ಲಿ" ಎಂದರು. ಅವರ ಮುಖ ಮಾತ್ರ ನೋಡಲಾಗುತ್ತಿರಲಿಲ್ಲ.

ಗುಡಿಯ ಪಕ್ಕ ಅವರೆಕಾಯಿ ಸುಲಿಯುತ್ತಿದ್ದ ಅವರ ತಾಯಿ ತಲೆಯೆತ್ತದೆ ಕೇಳಿದರು: "ದ್ಯಾವ್ರು ಗುಡಿ ಒಳಗೆ ತಾನೇ ಕುಂತಿರೋದು? ಬಾಗ್ಲಾಗ್ ನಿಲ್ಸಿ ಅವನ್ ಕೈಲಿ ವಾಚ್‌ಮನ್ ಕೆಲ್ಸ ಮಾಡಿಸ್ತೀಯಾ?"

"ಹಂಗಾದ್ರೆ ಒಳಗೇ ಕೂರ್ಸಿ ಸಾರ್" ಎಂದರು ಮಗ. ನನಗೋ ನಾಚಿಕೆಯಾಯಿತು. ಟೈಟಲ್ ಎಂದರೆ ಬಾಗಿಲು ಎಂದು ಮೊದಲ ದಿನವೇ ನಾನು ಹೇಳಬೇಕಿತ್ತು. ದೇವರನ್ನು ಪೇಜಿನ ಒಳಗೆ ಮೇಲ್ಗಡೆ ಕೂರಿಸಿ, ಟೈಟಲ್‌ಗೆ ಹೆಸರು, ಲೇತ್ ಕೆಲಸ, ಪೀಣ್ಯ ಇಷ್ಟನ್ನೇ ಉಳಿಸಿದೆ. ಬೋಲ್ಟು ಬುಷ್ಷುಗಳ ಬಗ್ಗೆ ಎರಡು ಸಾಲಿನ ವಿವರಣೆಯನ್ನೂ ಬರೆದೆ.

ಆದರೆ ಇಲ್ಲಿ ಬದಲಿಸಿದ ತಕ್ಷಣ ಸರ್ಚ್‌ನಲ್ಲಿ ಬದಲಾಗುವುದಿಲ್ಲ. ಸರ್ಚ್‌ನವರ ಯಂತ್ರ ಮತ್ತೊಮ್ಮೆ ಸೈಟಿಗೆ ಬಂದು ನೋಡಿಕೊಂಡು ಹೋಗಬೇಕು. ಬನ್ನಿ ಎಂದು ಅರ್ಜಿ ಹಾಕಬಹುದು, ಯಾವಾಗ ಬರುತ್ತೀರಿ ಎಂದು ಕೇಳುವ ಹಾಗಿಲ್ಲ. ಅರ್ಜಿ ಹಾಕಿದೆ. ಶನಿವಾರ ದೇವರು ನೀಲಿ ಸಾಲಿನಲ್ಲೇ ಇದ್ದ. ಭಾನುವಾರ ಮಧ್ಯಾಹ್ನವೂ ಕದಲಿರಲಿಲ್ಲ.

ದೇವರು ದಿಂಡರೆಂದರೆ ಮೂಗು ಮುರಿಯುತ್ತಿದ್ದವನು ನಾನು. ಆ ಸಂಜೆ ಯಾರೂ ಇಲ್ಲದ್ದು ನೋಡಿಕೊಂಡು ಗುಡಿಯ ಮುಂದೆ ಕರ್ಪೂರ ಹಚ್ಚಿದೆ. ಸ್ವಾಮಿ, ನಿನ್ನ ಹೆಸರು ತೆಗೆಸುವುದಕ್ಕೆ ನೀನೇ ಸಹಾಯ ಮಾಡಬೇಕು ಎಂದು ಬೇಡಿಕೊಂಡೆ. ಇಂಥ ಬೇಡಿಕೆ ಅವನಿಗೂ ಹೊಸದಿರಬೇಕು.

ಸೋಮವಾರ ಹನ್ನೊಂದು ಗಂಟೆಗೆ ಮಾಲೀಕರ ಫೋನ್. "ಸಾರ್, ಬದಲಾಗೈತೆ. ಮ್ಯಾನೇಜರ್ ನೋಡಿದ್ರಂತೆ, ಲಿಸ್ಟಿಗೆ ಸೇರಿಸಿದ್ರು. ಏನ್ ಮಾಡಿದ್ರಿ?"

ಯಂತ್ರ, ಅರ್ಜಿ ಎಂದೆಲ್ಲ ವಿವರಿಸಲು ಹೊರಟೆ. ಯಾಕೋ ಪೂರ್ತಿ ನಿಜವಲ್ಲ ಅನಿಸಿತು. "ಗುಡಿ ಮುಂದೆ ಕರ್ಪೂರ ಹಚ್ಚಿದೆ" ಎಂದೆ.



"ಒಳ್ಳೇದಾಯ್ತು ಸಾರ್" ಎಂದರು. "ಅದನ್ನ ಮಾತ್ರ ಆ ಎರಡು ಸಾಲಲ್ಲಿ ಹಾಕ್ಬೇಡಿ."