ಹೋಲಿಕೆಗೆ ಇಟ್ಟುಕೊಂಡ ಹೃದಯ

ಹೃದಯದ ಸ್ನಾಯು ದಪ್ಪವಾಗುವ, ವಂಶದಲ್ಲಿ ಹರಿದುಬರುವ ಕಾಯಿಲೆಯ ಮೇಲೆ ನಾನು ವಿಶಾಖಪಟ್ಟಣದಲ್ಲಿ ಪೋಸ್ಟ್‌ಡಾಕ್ ಸಂಶೋಧಕಿಯಾಗಿ ಕೆಲಸ ಮಾಡುತ್ತಿದ್ದೇನೆ. ರೋಗಿಗಳ ರಕ್ತ ವಿಜಯವಾಡದ ಒಂದು ಆಸ್ಪತ್ರೆಯಿಂದ ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ. ಅದರ ಜೊತೆ ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ಅದಕ್ಕೆ ನಮ್ಮ ಲ್ಯಾಬಿನವರೇ ತೋಳು ಚಾಚುವುದು ರೂಢಿಯಾಗಿತ್ತು. ಎಲ್ಲರಿಗಿಂತ ಹೆಚ್ಚು ಸಲ ಚಾಚಿದವನು ಹುಬ್ಬಳ್ಳಿ ಕಡೆಯ ಪಿಎಚ್‌ಡಿ ವಿದ್ಯಾರ್ಥಿ. ದಿನವೂ ಶಟಲ್ ಆಡುವವನು.

"ತಗೋರಿ ಅಕ್ಕಾರ, ಒಂದನೇ ನಂಬರ್ ಮಾಲು," ಎನ್ನುತ್ತಿದ್ದ.

ಅವನ ಹೃದಯವನ್ನು ಯಾರೂ ಪರೀಕ್ಷಿಸಿರಲಿಲ್ಲ. ನೋಡಿದರೇ ಗೊತ್ತಾಗುತ್ತದಲ್ಲ, ಚೆನ್ನಾಗಿದ್ದಾನೆ ಎಂದುಕೊಂಡಿದ್ದೆವು.

ಪತ್ರಿಕೆಗೆ ಕಳಿಸಿದ್ದ ನಮ್ಮ ಪ್ರಬಂಧ ಓದಿದ ವಿಮರ್ಶಕರು, ಆರೋಗ್ಯವಂತರಿಗೂ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದ್ದೀರಾ ಎಂದು ಕೇಳಿದರು. ಮಾಡಿಸಿರಲಿಲ್ಲ. ಹಾಗಾಗಿ ಮೊದಲಿಗೆ ಅವನೂ ನಾನೂ ವಿಜಯವಾಡಕ್ಕೆ ಹೋದೆವು. ಬೆಳಿಗ್ಗೆ, ರೋಗಿಗಳ ಸಾಲು ಶುರುವಾಗುವ ಮೊದಲೇ ಬೆಂಜ್ ಸರ್ಕಲ್ ಹತ್ತಿರದ ಆ ಆಸ್ಪತ್ರೆಯಲ್ಲಿದ್ದೆವು.

ಅವನು ಎಡಮಗ್ಗುಲಾಗಿ ಮಲಗಿ, "ಫೋಟೋ ಛಂದ ಬರ್ಲಿ ಅಕ್ಕಾರ, ಹೆಣ್ಣಿನ ಮನಿಯವ್ರಿಗೆ ಇದನ್ನ ಕಳಸೋಣು," ಎಂದ.

ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಪರದೆಯ ಮೇಲೆ ಕಂಡಿತು. ದಪ್ಪವಾಗಿತ್ತು. ಎಕೋ ಮಾಡುತ್ತಿದ್ದ ಡಾಕ್ಟರು ಮಾತಾಡುವ ಮೊದಲೇ ನನಗೆ ತಿಳಿಯಿತು. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು: ಎಷ್ಟು ಸ್ಪಷ್ಟವಾದ ಚಿತ್ರ ಎಂಬುದೇ ನನಗೆ ಮೊದಲು ಹೊಳೆದದ್ದು. ಅವನನ್ನು ಸೇರಿಸಲು ರೋಗಿಗಳ ಪಟ್ಟಿ ತೆರೆದು ಪೆನ್ನು ಹಿಡಿದಿದ್ದೆ. ಆಮೇಲೆ ಅವನ ಕಾಲುಚೀಲ ಕಣ್ಣಿಗೆ ಬಿತ್ತು. ಹೆಬ್ಬೆರಳ ಹತ್ತಿರ ತೂತಾಗಿತ್ತು. ಪಟ್ಟಿ ಮುಚ್ಚಿದೆ.

ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ ಎಂದು ಡಾಕ್ಟರು ತೆಲುಗಿನಲ್ಲಿ ಕೇಳಿದರು. ಅವನು ನನ್ನ ಕಡೆ ತಿರುಗಿ ಕನ್ನಡದಲ್ಲೇ ಉತ್ತರಿಸಿದ.

"ನಮ್ಮ ಕಾಕಾ ಹೋದ್ರು. ಸೈಕಲ್ ಹೊಡ್ಯಾಕತ್ತಿದ್ರು. ಬಿಸಲಿಗೆ ಹಂಗಾತು ಅಂದ್ರು ಎಲ್ರೂ."

ಇದು ಅದೇ ಕಾಯಿಲೆ, ಮೈ ದಣಿದರೆ ಹೃದಯ ನಿಂತುಬಿಡಬಹುದು, ಇನ್ನು ಶಟಲ್ ಬೇಡ, ಓಡುವುದು ಬೇಡ, ಒಡಹುಟ್ಟಿದವರಿಗೂ ಬೇಗ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು. ಎದೆಗೆ ಹಚ್ಚಿದ್ದ ಜೆಲ್ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದ.

"ತಮ್ಮ ಅದಾನ್ರೀ. ಪೊಲೀಸ್ ಭರ್ತಿಗಂತ ದಿನಾ ಮುಂಜಾನೆ ಓಡ್ತಾನ. ಈಗೂ ಗ್ರೌಂಡಿನ್ಯಾಗ ಇರ್ತಾನ."

ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟ. "ನೀವ ಹೇಳ್ರಿ ಅಕ್ಕಾರ. ನಾ ಹೇಳಿದ್ರ ಚಾಷ್ಟಿ ಅಂತ ತಿಳ್ಕೋತಾನ."

"ಹೇಳಣ್ಣ," ಎಂದಿತು ಏದುಸಿರಿನ ದನಿ. "ಎರಡು ರೌಂಡ್ ಉಳದಾವು, ಆಮ್ಯಾಲೆ ಮಾಡ್ತೀನಿ."

"ಓಡಬೇಡಪ್ಪ," ಎಂದೆ. "ಅಲ್ಲೇ ಕೂತ್ಕೋ."

"ಯಾರ್ರೀ ನೀವು?"

"ಮೊದಲು ಕೂತ್ಕೋ. ಹೇಳ್ತೀನಿ."

ಬೂಟಿನ ಸದ್ದು ನಿಧಾನವಾಯಿತು. ಪೂರ್ತಿ ನಿಲ್ಲುವ ತನಕ ನಾನು ಬೇರೆ ಮಾತಾಡಲಿಲ್ಲ.