ಸೋತು ಬಂದೆ ಕಣೇ

ಕನ್ನಡಕದಂಗಡಿಯ ಯಜಮಾನರಿಗೆ ಪೋಕರ್ ಎಂದರೆ ಪ್ರಾಣ. ಆದರೆ ಅದನ್ನು ಯಾರಾದರೂ ಜೂಜು ಎಂದುಬಿಟ್ಟರೆ ಮೈಯೆಲ್ಲ ಉರಿದುಹೋಗುತ್ತದೆ. ಗಾಜು ಒರೆಸುತ್ತಲೇ ಮುಂದಿನ ಇಸ್ಪೀಟೆಲೆ ಯಾವುದು ಬಂದೀತೆಂದು ಲೆಕ್ಕ ಹಾಕುವವರು ಅವರು. ಮನಸ್ಸಿನಲ್ಲಿರುವುದು ಮುಖದಲ್ಲಿ ಕಾಣಬಾರದೆಂದು ಎಷ್ಟು ಪಳಗಿದ್ದಾರೆಂದರೆ, ಹೊಸ ಫ್ರೇಮ್ ಹಾಕಿಕೊಂಡ ಗಿರಾಕಿ "ಒಪ್ಪುತ್ತಾ ಸಾರ್?" ಎಂದು ಕೇಳಿದರೆ ಗೋಡೆಯನ್ನು ಕೇಳಿದ ಹಾಗೆ. ಹವ್ಯಾಸ ಯಾವುದು, ಚಟ ಯಾವುದು ಎನ್ನುವುದಕ್ಕೆ ಅವರದು ಒಂದೇ ಒರೆಗಲ್ಲು: "ಸೋತಿದ್ದನ್ನ ಹೆಂಡ್ತಿ ಹತ್ರ ಹೇಳೋಕಾಗುತ್ತಾ? ಹವ್ಯಾಸ. ಬಾಯಿ ಬರಲ್ವಾ? ಚಟ." ಅದಕ್ಕೇ ಭಾನುವಾರದ ಆಟ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ "ಸೋತು ಬಂದೆ ಕಣೇ!" ಎಂದು ಕೂಗುತ್ತಾರೆ. ಮೇಲಿನ ಮನೆಯ ಅಜ್ಜಿ ಕಿಟಕಿಯಿಂದಲೇ "ಮುಂದಿನ ವಾರ ನೋಡ್ಕೊಳ್ಳಪ್ಪ" ಎಂದು ಸಮಾಧಾನ ಹೇಳುತ್ತಾರೆ. ಹೋದ ಭಾನುವಾರ ಮಾತ್ರ ಸದ್ದಿಲ್ಲದೆ ಒಳಗೆ ಬಂದರು. ಕಳೆದುಕೊಂಡದ್ದನ್ನು ನಾಳೆಯೇ ಗೆದ್ದು ತಂದರಾಯಿತು ಎಂಬ ಯೋಚನೆ ತಲೆಗೆ ಹೊಕ್ಕಿತ್ತು. "ಯಾಕ್ರೀ, ಏನಾಯ್ತು?" ಎಂದು ಹೆಂಡತಿ ಕೇಳಿದರೆ "ಇವತ್ತು ಆಟಾನೇ ನಡೀಲಿಲ್ಲ" ಎಂದರು. ಪಳಗಿದ ಮುಖ, ಒಂದು ಗೆರೆಯೂ ಅಲುಗಲಿಲ್ಲ. ಆಕೆ ನಂಬಿಬಿಟ್ಟಳು. ಆ ನಂಬಿಕೆಯೇ ಅವರನ್ನು ಚುಚ್ಚಿತು. ಎದ್ದು ಹೊರಗೆ ಹೋದರು, ಚಪ್ಪಲಿ ಮೆಟ್ಟಿದರು, ಬಾಗಿಲೆಳೆದುಕೊಂಡು ಹೊಸದಾಗಿ ಬಂದವರಂತೆ ಕರೆಗಂಟೆ ಒತ್ತಿದರು. ಆಕೆ ಬಾಗಿಲು ತೆರೆದಾಗ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಹೇಳಿದರು: "ಸೋತು ಬಂದೆ ಕಣೇ. ಸುಳ್ಳೂ ಹೇಳ್ದೆ. ಇನ್ನು ಹೋಗಲ್ಲ." ಎಂದಿನ ಸಮಾಧಾನ ಹೇಳಲು ಬಾಯಿ ತೆರೆದಿದ್ದ ಅಜ್ಜಿ ಮೆಲ್ಲಗೆ ಕಿಟಕಿ ಮುಚ್ಚಿಕೊಂಡರು.