ಕಣ್ಣು ತೆರೆಸುವ ಕೆಲಸ

ಘಣಸೋಲಿಯಲ್ಲಿ ಹಳೆಯ ಹಳ್ಳಿ ಮುಗಿದು ಹೊಸ ಬಡಾವಣೆಯ ಸೆಕ್ಟರುಗಳು ಶುರುವಾಗುವಲ್ಲಿ ಒಂದು ಫೋಟೊ ಲ್ಯಾಬ್ ಇದೆ. ಅಲ್ಲಿ ಧರ್ಮಪಾಲನಿಗೆ ಇಪ್ಪತ್ತೆರಡು ವರ್ಷಗಳಿಂದ ಒಂದೇ ಕುರ್ಚಿ. ಅದರ ಬೆನ್ನು ಎರಡು ಸಲ ಮುರಿದು ಎರಡು ಸಲ ತಂತಿ ಕಟ್ಟಿಸಿಕೊಂಡಿತ್ತು. ಹೊಸದು ತರಿಸುತ್ತೇನೆಂದು ಮಾಲಕ ಮನೀಶ್ ಹೇಳಿದಾಗಲೆಲ್ಲ, ಇದಕ್ಕೆ ನನ್ನ ಬೆನ್ನು ಗೊತ್ತು ಎಂದು ಧರ್ಮಪಾಲ ಮಾತು ಮುಗಿಸುತ್ತಿದ್ದ.

ಕಾರ್ಕಳದ ಕಡೆಯವನು. ಹದಿನೇಳಕ್ಕೆ ಡೊಂಬಿವಲಿಗೆ ಬಂದು ಮಾವನ ಹೋಟೆಲಿನಲ್ಲಿ ಆರು ತಿಂಗಳು ಗ್ಲಾಸು ತೊಳೆದ. ಅಲ್ಲಿಗೆ ಚಹಾಕ್ಕೆ ಬರುತ್ತಿದ್ದ ಸ್ಟುಡಿಯೋದವನೊಬ್ಬನ ಬೆನ್ನು ಹತ್ತಿ ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿ ಮುಖ ತಿದ್ದುವುದನ್ನು ಕಲಿತ. ಕಂಪ್ಯೂಟರು ಬಂದಾಗ ಅದನ್ನೂ ಕಲಿತ. ಮೊಡವೆ ತೆಗೆಯುವುದು, ಮದುಮಗಳನ್ನು ಬೆಳ್ಳಗೆ ಮಾಡುವುದು ಯಾರಿಗೂ ಬರುತ್ತದೆ. ಧರ್ಮಪಾಲನ ಹೆಸರು ನಿಂತದ್ದು ಬೇರೆ ಕೆಲಸದಲ್ಲಿ. ಅವನು ಸತ್ತವರ ಕಣ್ಣು ತೆರೆಸುತ್ತಿದ್ದ.

ಕಟ್ಟಡದ ಕೆಲಸಕ್ಕೆ ಕಲಬುರಗಿ, ರಾಯಚೂರಿನಿಂದ ಬಂದವರಲ್ಲಿ ಎಷ್ಟೋ ಜನರ ಹತ್ತಿರ ಗೋಡೆಗೆ ಹಾಕುವಂಥ ಒಂದು ಫೋಟೊ ಇರುವುದಿಲ್ಲ. ಆಧಾರ್ ಕಾರ್ಡಿನ ಚಿತ್ರವನ್ನು ಹೆತ್ತ ತಾಯಿಯೂ ಗುರುತಿಸಲಾರಳು. ಕೊನೆಗೆ ಉಳಿಯುವುದು ಆಸ್ಪತ್ರೆಯಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದದ್ದು, ಕಣ್ಣು ಮುಚ್ಚಿದ್ದು. ಅದನ್ನು ಹಿಡಿದು ಅವರು ಧರ್ಮಪಾಲನ ಹತ್ತಿರ ಬರುತ್ತಿದ್ದರು. ಅವನು ತಮ್ಮನನ್ನೋ ಮಗನನ್ನೋ ಎದುರು ಕೂರಿಸಿ ಫೋಟೊ ಹೊಡೆದು ಅವರ ಕಣ್ಣುಗಳನ್ನು ತೆಗೆದುಕೊಳ್ಳುತ್ತಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದನೇ, ಸಿಟ್ಟಿನವನೇ ಎಂದೆಲ್ಲ ಕೇಳಿ, ಚಪ್ಪಲಿ ಕಳಚಿಟ್ಟು ಕೂತರೆ ಆ ದಿನ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ.

ಮೊನ್ನೆ ಶ್ರಾವಣದಲ್ಲಿ ಲ್ಯಾಬಿಗೆ ಹೊಸ ಕಂಪ್ಯೂಟರು ಬಂತು. ಕಂಪನಿಯವರು ಒಂದು ವಾರ ಇಟ್ಟು ನೋಡಿ ಎಂದು ಬಿಟ್ಟುಹೋಗಿದ್ದರು. ಹಳೆಯದರ ಎದುರು ಇದನ್ನು ಓಡಿಸಿ ಪರೀಕ್ಷೆ ಮಾಡುವ ಕೆಲಸವನ್ನು ಮನೀಶ್ ಧರ್ಮಪಾಲನಿಗೇ ವಹಿಸಿದ. ಮನೀಶ್ ಇಲ್ಲೇ ನೆರೂಳಿನಲ್ಲಿ ಹುಟ್ಟಿ ಬೆಳೆದ ಹುಡುಗ. ಅಪ್ಪನ ಕಾಲದ ಆಳಿನ ಮುಂದೆ ಕೂತು ಮಾತಾಡುವಾಗ ಮಾತ್ರ ಹಿಂದಿ ಬಿಟ್ಟು ಕನ್ನಡಕ್ಕೆ ಬರುತ್ತಿದ್ದ.

“ಧರ್ಮಣ್ಣ, ನಿಮ್ಮ ಹತ್ರ ಸುಳ್ಳು ಹೇಳುದಿಲ್ಲ. ಇದು ಎಲ್ಲದ್ರಲ್ಲಿ ಪಾಸಾದ್ರೆ ಒಂದು ಟೇಬಲ್ ಸಾಕು, ಸೋನಾಲಿ ನೋಡ್ಕೊಳ್ತಾಳೆ. ಪಟ್ಟಿ ನೀವೇ ಬರೀರಿ. ನೀವು ಬರೆದದ್ದೇ ಫೈನಲ್.”

ಸೋನಾಲಿ ಸಾನಪಾಡಾದಿಂದ ಬರುವ ಇಪ್ಪತ್ತನಾಲ್ಕರ ಹುಡುಗಿ, ಧರ್ಮಪಾಲನೇ ಕಲಿಸಿದವಳು. ಅವಳು ತಲೆ ತಗ್ಗಿಸಿ ಕೀಬೋರ್ಡಿನ ಧೂಳು ಒರೆಸುತ್ತಿದ್ದಳು.

ಮನೆಯಲ್ಲಿ ಹೆಂಡತಿ ಅಪ್ಪಿ, ನಾಲ್ಕು ಅಂಕಿ ಆಚೀಚೆ ಬರೆದರೆ ಯಾರು ಬಂದು ನೋಡುತ್ತಾರೆ ಎಂದಳು. ಐವತ್ತಮೂರರ ಗಂಡನನ್ನು ಇನ್ನು ಯಾವ ಅಂಗಡಿಯವರು ಕರೆದು ಕೂರಿಸುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಧರ್ಮಪಾಲನಿಗೂ ಗೊತ್ತಿತ್ತು. ಆದರೆ ಕೈಬರಹದಲ್ಲಿ ಸುಳ್ಳು ಬರೆಯುವುದು ಆ ಮನುಷ್ಯನಿಂದ ಆಗುವಂತಿರಲಿಲ್ಲ.

ಪರೀಕ್ಷೆಯನ್ನು ಅವನು ಪೂಜೆಯ ಹಾಗೆ ಶಿಸ್ತಾಗಿ ಮಾಡಿದ. ಪ್ರತಿ ಸಲವೂ ಯಂತ್ರವನ್ನು ಆರಿಸಿ ಮತ್ತೆ ಹಚ್ಚುವುದು, ಬೇರೆಲ್ಲ ಮುಚ್ಚುವುದು, ಮೂರು ಸಲ ಓಡಿಸಿ ನಡುವಿನ ಅಂಕಿ ಬರೆಯುವುದು. ಮೊದಲನೆಯದು ಮದುವೆಯ ಅರವತ್ತು ಪುಟದ ಆಲ್ಬಮ್ಮನ್ನು ಒಟ್ಟಿಗೇ ತೆರೆದು ಉಳಿಸುವುದು. ಹಳೆಯದಕ್ಕೆ ಐವತ್ತೆರಡು ನಿಮಿಷ, ಹೊಸದಕ್ಕೆ ನಾಲ್ಕು. ಎರಡನೆಯದು ಗಣಪತಿ ಮಂಡಳದ ಮೂವತ್ತಡಿ ಬ್ಯಾನರು. ಅದರಲ್ಲಿ ಗಣಪತಿ ಒಬ್ಬ, ಕೈಮುಗಿದ ನೇತಾಗಳು ನಲವತ್ತು. ಹಳೆಯದು ಅರ್ಧಕ್ಕೆ ಬಂದು, ಡಿಸ್ಕ್ ತುಂಬಿತೆಂದು ಕೈಚೆಲ್ಲಿತು. ಹೊಸದು ಉಸಿರೂ ಎತ್ತದೆ ಮುಗಿಸಿತು. ಮೂರನೆಯದು ಐನೂರು ಫೋಟೊಗಳ ಬಣ್ಣ ತಿದ್ದುವುದು. ಅದರಲ್ಲೂ ಹೊಸದೇ ಗೆದ್ದಿತು, ಆ ಅಂಕಿಯನ್ನೂ ಧರ್ಮಪಾಲ ಇದ್ದ ಹಾಗೇ ಬರೆದ.

ಆಗ ಅವನೊಂದು ತಪ್ಪು ಮಾಡಿದ. ನಾಲ್ಕನೆಯ ಪರೀಕ್ಷೆ ಬಾಕಿ ಇದೆ, ಅದು ಕಣ್ಣು ತೆರೆಸುವುದು ಎಂದ. ಯಾರೂ ಕೇಳಿರಲಿಲ್ಲ, ತಾನಾಗಿ ಹೇಳಿದ. ಹಳೆಯ ಯಂತ್ರದಲ್ಲಿ ತಾನು ಕೈಯಿಂದ ಮಾಡುವುದು, ಹೊಸದರಲ್ಲಿ ಅದರ ಸಾಫ್ಟ್‌ವೇರ್ ತಾನಾಗಿ ಮಾಡುವುದು. ಯಾವುದು ಯಾರದ್ದೆಂದು ಹೇಳದೆ ಎರಡನ್ನೂ ಗಿರಾಕಿಯ ಮುಂದಿಡುವುದು. ಸತ್ತವರ ವಿಷಯ ಇದು, ಬೇಡ ಧರ್ಮಣ್ಣ ಎಂದು ಮನೀಶ್ ಹಿಂದೆಗೆದ. ಧರ್ಮಪಾಲ ಹಠ ಹಿಡಿದ. ಅವನಿಗೆ ಅಷ್ಟು ಧೈರ್ಯವಿತ್ತು.

ಮರುದಿನವೇ ಮರಗಮ್ಮ ಬಂದಳು. ಗಂಡ ಮಾಪಣ್ಣ ಹನ್ನೊಂದನೆಯ ಮಾಳಿಗೆಯ ಬಿದಿರಿನ ಅಟ್ಟಣಿಗೆಯಿಂದ ಬಿದ್ದು ಸತ್ತು ನಾಲ್ಕು ದಿನವಾಗಿತ್ತು. ಜೊತೆಗೆ ಮೈದುನ ಅಂಬಾದಾಸ. ಮರುದಿನ ಸಂಜೆ ಕಲ್ಯಾಣದಿಂದ ರಾಯಚೂರಿನ ಗಾಡಿ ಹಿಡಿಯಬೇಕು, ಅಷ್ಟರಲ್ಲಿ ಫೋಟೊ ಬೇಕು ಎಂದರು. ಮರಗಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಧರ್ಮಪಾಲ ಕೇಳಬೇಕಾದ್ದನ್ನೆಲ್ಲ ಅಂಬಾದಾಸನನ್ನೇ ಕೇಳಿದ. ಅಣ್ಣನ ಎಡಗಣ್ಣು ಹೊರಕ್ಕೆ ವಾಲಿತ್ತು, ಎದುರಿದ್ದವರನ್ನು ನೋಡಿದರೂ ಪಕ್ಕದವರನ್ನು ನೋಡಿದಂತೆ ಇರುತ್ತಿತ್ತು ಎಂದು ಅವನು ದನಿ ತಗ್ಗಿಸಿ ಹೇಳಿದ. ಧರ್ಮಪಾಲನ ಎದೆ ಹಿಗ್ಗಿತು. ಇದು ಯಾವ ಯಂತ್ರಕ್ಕೆ ತಿಳಿಯಬೇಕು?

ಮರುದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಸಿ ಚಪ್ಪಲಿ ಕಳಚಿ ಕೂತ. ಅಂಬಾದಾಸನ ಕಣ್ಣುಗಳನ್ನು ತಂದಿಟ್ಟು ಎಡಗಣ್ಣಿನ ಗುಡ್ಡೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೊರಕ್ಕೆ ಸರಿಸಿದ. ರೆಪ್ಪೆಯ ನೆರಳು, ಸಿಮೆಂಟಿನ ಧೂಳಿಗೆ ಕೆಂಪಾದ ಮೂಲೆ, ಎಲ್ಲ ಬಂತು. ಮಧ್ಯಾಹ್ನ ಎರಡೂವರೆಗೆ ಕೈ ತೆಗೆದಾಗ ಪರದೆಯ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಅತ್ತ ಸೋನಾಲಿ ಹೊಸದರಲ್ಲಿ ಒಂದು ಗುಂಡಿ ಒತ್ತಿದಳು. ಹದಿನಾಲ್ಕು ಸೆಕೆಂಡಿಗೆ ಕಣ್ಣು ತೆರೆಯಿತು. ನೆಟ್ಟಗಿನ, ಹೊಳೆಯುವ, ಯಾರದೂ ಅಲ್ಲದ ಕಣ್ಣು. ಧರ್ಮಪಾಲನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ನಾಲ್ಕಕ್ಕೆ ಮರಗಮ್ಮ ಬಂದಾಗ ಎರಡೂ ಪ್ರಿಂಟುಗಳು ಮೇಜಿನ ಮೇಲಿದ್ದವು. ಧರ್ಮಪಾಲನದರ ಮೇಲೆ ಕಣ್ಣು ಬಿದ್ದದ್ದೇ ಅವಳ ಕೈ ತಾನಾಗಿ ಸೆರಗಿಗೆ ಹೋಯಿತು. ತಲೆಯ ಮೇಲೆ ಎಳೆದುಕೊಂಡಳು. “ಅವನೇ ಅದಾನ,” ಎಂದು ಗೋಡೆಗೆ ಒರಗಿ ಬಾಯಿಗೆ ಸೆರಗು ತುರುಕಿ ಅತ್ತಳು. ಧರ್ಮಪಾಲ ಮನೀಶನತ್ತ ನೋಡಿದ. ಗೆದ್ದೆ ಎಂದೇ ಅಂದುಕೊಂಡ.

ಅತ್ತು ಮುಗಿದ ಮೇಲೆ ಅವಳು ಇನ್ನೊಂದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು.

“ಇದು ಕೊಡ್ರಿ ಯಣ್ಣಾ.”

ಅದು ನಿಮ್ಮವರಂತೆ ಇಲ್ಲವಲ್ಲಮ್ಮ ಎಂದು ಧರ್ಮಪಾಲನ ಬಾಯಿಂದ ಬಂದುಬಿಟ್ಟಿತು.

“ಮೆಳ್ಳಗಣ್ಣ ಮಾಪ್ಯಾ ಅಂತಿದ್ರು ಊರ ಮಂದಿ. ಲಗ್ನದಾಗೂ ನಕ್ಕಾರ. ಅದಕ್ಕೇ ಒಂದ್ ದಿನಾನೂ ಫೋಟೊ ತಗಸಲಿಲ್ಲ ಅವ. ಸತ್ತ ಮ್ಯಾಲೂ ಗ್ವಾಡಿಗಿ ಹಂಗೇ ನಿಂದ್ರಸಲ್ಯಾ? ಮಕ್ಕಳು ಸಣ್ಣವ ಅದಾವ. ಅಪ್ಪ ಹಿಂಗಿದ್ದ ಅಂತ ತಿಳಕೊಳ್ಳಲಿ.”

ಧರ್ಮಪಾಲನಿಗೆ ನಾಚಿಕೆಯಾಯಿತು. ಅವಳ ಗಂಡನನ್ನು ಅವನು ತನ್ನ ಕುರ್ಚಿ ಉಳಿಸಿಕೊಳ್ಳಲು ಪಣಕ್ಕೆ ಇಟ್ಟಿದ್ದ, ಆ ಹೆಂಗಸಿಗೆ ಗೊತ್ತೂ ಇರಲಿಲ್ಲ. ಇಷ್ಟು ವರ್ಷ ಎಲ್ಲರನ್ನೂ ಏನೇನೋ ಕೇಳಿದವನು, ಸತ್ತವನಿಗೆ ಹೇಗೆ ಕಾಣಬೇಕೆಂದಿತ್ತು ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಅವಳು ಆರಿಸಿದ ಪ್ರಿಂಟಿಗೆ ಚೌಕಟ್ಟು ಹಾಕಿ, ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿದ. ಮರಗಮ್ಮ ಅದನ್ನು ಎದೆಗೆ ಹಿಡಿದು ಬಾಗಿಲವರೆಗೆ ಹೋದವಳು ತಿರುಗಿ ಬಂದಳು.

“ಅದನ್ನ ಹರದು ಹಾಕ್ರಿ ಯಣ್ಣಾ, ನನ್ನ ಮುಂದಽ. ಇಲ್ಲಿ ಬಿದ್ದಿದ್ರ ಯಾರರೆ ನೋಡಿ ನಕ್ಕಾರು.”

ಇನ್ನು ಇಂಥದು ತನ್ನ ಕೈಯಿಂದ ಬರುವುದಿಲ್ಲವೆಂದು ಧರ್ಮಪಾಲನಿಗೆ ಗೊತ್ತಿತ್ತು. ಪ್ರಿಂಟನ್ನು ಎತ್ತಿಕೊಂಡ. ಮಾಪಣ್ಣ ಅವನನ್ನು ನೋಡುತ್ತ, ಪಕ್ಕದಲ್ಲಿ ಬೇರೆ ಯಾರನ್ನೋ ನೋಡುವವನಂತೆ ಇದ್ದ. ನಡುವೆ ಹರಿದ, ಮತ್ತೆ ಅಡ್ಡಕ್ಕೆ ಹರಿದ. ಫೈಲನ್ನೂ ಅಳಿಸಿ ಅವಳಿಗೆ ಖಾಲಿ ಪರದೆ ತೋರಿಸಿದ. ಅವಳು ಕೈಮುಗಿದು ಹೋದಳು.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪಟ್ಟಿ ಎಳೆದುಕೊಂಡ. ನಾಲ್ಕನೆಯ ಸಾಲಿನಲ್ಲಿ ಹಳೆಯದಕ್ಕೆ ಏಳೂವರೆ ಗಂಟೆ, ಹೊಸದಕ್ಕೆ ಹದಿನಾಲ್ಕು ಸೆಕೆಂಡು ಎಂದು ಬರೆದು, ಹೊಸದರ ಮುಂದೆ ಪಾಸ್ ಎಂದು ಬರೆದು, ಸಹಿ ಮಾಡಿ ಮನೀಶನ ಕೈಗೆ ಕೊಟ್ಟ.